ಮಾರ್ಚ್ 31ರ ಜರ್ನಲ್ ಎಂಟ್ರಿಗಳು: ಹಾರ್ಡ್‌ವೇರ್ ಅಂಗಡಿಯ ವರ್ಷದ ಲೆಕ್ಕ ಮುಗಿಸುವುದು ಹೇಗೆ?

ತುಮಕೂರು_ಲೆಕ್ಕ
ಎಲ್ಲರಿಗೂ ನಮಸ್ಕಾರ. ಬಿಕಾಂ ಮುಗಿಸಿ ತುಮಕೂರಿನ ಒಂದು ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದೇನೆ. ಒಬ್ಬರೇ ಮಾಲೀಕರು. ಜಿಎಸ್‌ಟಿ ನೋಂದಣಿ ಇದೆ. ಲೆಕ್ಕ ಟ್ಯಾಲಿಯಲ್ಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್). ಸ್ಟಾಕ್ ಮಾತ್ರ ಟ್ಯಾಲಿಯಲ್ಲಿ ಇಟ್ಟಿಲ್ಲ, ವರ್ಷದ ಕೊನೆಗೆ ಎಣಿಸಿ ಬರೆಯುತ್ತಾರೆ. 2024-25ರ ಲೆಕ್ಕ ಮುಗಿಸಿ ಆಡಿಟರ್‌ಗೆ ಕೊಡಬೇಕು. ಸಿಸಿ ಲಿಮಿಟ್ (ವ್ಯಾಪಾರಕ್ಕೆ ಬ್ಯಾಂಕ್ ಕೊಡುವ ಕ್ಯಾಶ್ ಕ್ರೆಡಿಟ್ ಸಾಲದ ಮಿತಿ) ಜಾಸ್ತಿ ಮಾಡಲು ಬ್ಯಾಂಕಿನವರೂ ಬ್ಯಾಲೆನ್ಸ್ ಶೀಟ್ ಕೇಳಿದ್ದಾರೆ.

ಈಗ ಟ್ಯಾಲಿ ತೋರಿಸುವ ಲಾಭ ₹7,18,000. ಎಣಿಸಿದ ಸ್ಟಾಕ್ ₹8,46,000 ಹಾಕಿದ್ದೇನೆ. ಅದು ಬಿಟ್ಟರೆ ವರ್ಷದ ಕೊನೆಯ ಯಾವ ಎಂಟ್ರಿಯೂ ಆಗಿಲ್ಲ. ನನ್ನ ಹತ್ತಿರ ಇರುವ ವಿವರ ಇಷ್ಟು:

ಅಂಗಡಿಯ ಬೆಂಕಿ ವಿಮೆ ₹24,000 (ಜಿಎಸ್‌ಟಿ ಬಿಟ್ಟು), 2024ರ ನವೆಂಬರ್ 1ಕ್ಕೆ ಕಟ್ಟಿದ್ದು, ಒಂದು ವರ್ಷಕ್ಕೆ. ಬಾಡಿಗೆ ತಿಂಗಳಿಗೆ ₹18,000, ಫೆಬ್ರವರಿ ಮತ್ತು ಮಾರ್ಚ್ ಕೊಟ್ಟಿಲ್ಲ. ಮಾರ್ಚ್ ತಿಂಗಳ ಬೆಸ್ಕಾಂ ಬಿಲ್ ₹6,350, ಏಪ್ರಿಲ್‌ನಲ್ಲಿ ಬಂತು. ಇಬ್ಬರು ಹುಡುಗರ ಮಾರ್ಚ್ ಸಂಬಳ ₹31,000, ಏಪ್ರಿಲ್‌ನಲ್ಲಿ ಕೊಟ್ಟಿದ್ದು. ಗೂಡ್ಸ್ ಗಾಡಿ ಸಾಲದ ಕಂತು ತಿಂಗಳಿಗೆ ₹15,200, ಅಷ್ಟನ್ನೂ ಸಾಲದ ಖಾತೆಗೇ ಡೆಬಿಟ್ ಮಾಡಿದ್ದಾರೆ. ಗಿರಾಕಿಗಳಿಂದ ಬರಬೇಕಾದ್ದು ₹3,12,000. ಅದರಲ್ಲಿ ಒಬ್ಬ ಕಂಟ್ರಾಕ್ಟರ್ ₹12,000 ಬಾಕಿ ಇಟ್ಟು ಊರು ಬಿಟ್ಟಿದ್ದಾರೆ. ಬಾಕಿ ಬಾರದೆ ಹೋಗಬಹುದೆಂದು ಎತ್ತಿಟ್ಟ ಹಳೆ ಪ್ರಾವಿಷನ್ ₹9,000 ಇದೆ, ಈ ವರ್ಷವೂ ಶೇ. 5 ಇಡಲು ಹೇಳಿದ್ದಾರೆ. ಮಾಲೀಕರು ಮನೆಗೆ ಪೇಂಟ್ ತೆಗೆದುಕೊಂಡು ಹೋಗಿದ್ದಾರೆ, ಖರೀದಿ ಬೆಲೆ ₹8,000. ಯಾರದ್ದೆಂದು ಗೊತ್ತಾಗದ ಯುಪಿಐ ಜಮೆ ₹23,500 ಸಸ್ಪೆನ್ಸ್‌ನಲ್ಲಿದೆ. ಸವಕಳಿ (ಬಳಸಿದ ಆಸ್ತಿಯ ಬೆಲೆ ಇಳಿಕೆ) ಹಾಕಿಲ್ಲ.

ಕಾಲೇಜಿನಲ್ಲಿ ಇವನ್ನೆಲ್ಲ ಒಂದೊಂದಾಗಿ ಮಾಡಿದ್ದೇವೆ. ಇಲ್ಲಿ ಒಟ್ಟಿಗೆ ಬಂದಿವೆ. ಎಲ್ಲಿಂದ ಶುರು ಮಾಡಲಿ?

ವಾಣಿಜ್ಯ_ಮೇಷ್ಟ್ರು
ತಂಗಿ, ವಿವರ ಚೆನ್ನಾಗಿ ಕೊಟ್ಟಿದ್ದೀರಿ. ಎಂಟ್ರಿಗೆ ಕೈ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಸಂಬಳ, ಕರೆಂಟ್, ಬಾಡಿಗೆ, ಈ ಮೂರು ಲೆಡ್ಜರ್ ತೆರೆಯಿರಿ. ಪ್ರತಿ ಸಾಲಿನ ಪಕ್ಕ ಅದು ಯಾವ ತಿಂಗಳದ್ದು ಎಂದು ಬರೆಯಿರಿ. ಕೊಟ್ಟ ತಾರೀಖು ಬೇಡ, ಯಾವ ತಿಂಗಳಿಗೆ ಸೇರಿದ್ದು ಅಷ್ಟೇ. ವರ್ಷ ಮುಗಿದಾಗ ಅಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ತಿಂಗಳು ಇರಬೇಕು. ಹನ್ನೊಂದೂ ಅಲ್ಲ, ಹದಿಮೂರೂ ಅಲ್ಲ.

ಬಾಕಿ ಖರ್ಚು, ಮುಂಗಡ ಖರ್ಚು ಎಂದು ನಾವು ಕಲಿಸುವುದೆಲ್ಲ ಈ ಹನ್ನೆರಡನ್ನು ಸರಿಪಡಿಸುವ ದಾರಿ. ಮಕ್ಕಳು ಎಂಟ್ರಿ ಬಾಯಿಪಾಠ ಮಾಡುತ್ತಾರೆ, ಈ ಎಣಿಕೆ ಮಾಡುವುದಿಲ್ಲ. ಹಾಗಾಗಿ ಪರೀಕ್ಷೆಯಲ್ಲಿ ಸರಿಯಾಗುವ ಎಂಟ್ರಿ ಅಂಗಡಿ ಲೆಕ್ಕದಲ್ಲಿ ತಪ್ಪುತ್ತದೆ. ಎಣಿಸಿ ಹೇಳಿ, ಆಮೇಲೆ ಮುಂದಿನದು.

ವಿಮೆ ಮಾತ್ರ ಈಗಲೇ ಮುಗಿಸಬಹುದು. ತಿಂಗಳಿಗೆ ₹2,000. ನವೆಂಬರ್‌ನಿಂದ ಮಾರ್ಚ್‌ವರೆಗೆ ಐದು ತಿಂಗಳು ಈ ವರ್ಷದ್ದು, ₹10,000. ಉಳಿದ ಏಳು ತಿಂಗಳು ಮುಂದಿನ ವರ್ಷದ್ದು.

ಮುಂಗಡ ವಿಮೆ ಖಾತೆ, ಡೆಬಿಟ್ 14,000
ವಿಮಾ ಖರ್ಚು ಖಾತೆಗೆ, ಕ್ರೆಡಿಟ್ 14,000

ಈ ₹14,000 ಮಾರ್ಚ್ 31ಕ್ಕೆ ನಿಮ್ಮ ಆಸ್ತಿ. ವಿಮಾ ಕಂಪನಿ ಇನ್ನೂ ಏಳು ತಿಂಗಳ ರಕ್ಷಣೆ ನಿಮಗೆ ಕೊಡಬೇಕಿದೆ.

ಆದರೆ ಹೋದ ವರ್ಷವೂ ಇದೇ ಥರ ಮುಂಗಡ ವಿಮೆ ಇಟ್ಟಿದ್ದರೆ, ಅದು ಈ ವರ್ಷದ ಖರ್ಚಿಗೆ ಬಂದಿದೆಯಾ ನೋಡಿ. ಬಂದಿದ್ದರೆ ಆ ಏಳು ತಿಂಗಳೂ ಈ ಐದು ತಿಂಗಳೂ ಸೇರಿ ಹನ್ನೆರಡು ಆಗುತ್ತದೆ.

ತುಮಕೂರು_ಲೆಕ್ಕ
ಸರ್, ವಿಮೆ ಸರಿ ಇದೆ. ಹಳೆ ಮುಂಗಡವನ್ನು ಏಪ್ರಿಲ್‌ನಲ್ಲೇ ಖರ್ಚಿಗೆ ತಂದಿದ್ದಾರೆ.

ಸಂಬಳ ನೋಡಿದೆ. 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ ಹನ್ನೆರಡು ಪಾವತಿ ಇವೆ. ಆದರೆ ಏಪ್ರಿಲ್‌ನಲ್ಲಿ ಕೊಟ್ಟ ₹28,000 ಇದೆಯಲ್ಲ, ಅದು 2024ರ ಮಾರ್ಚ್ ಸಂಬಳ. ಅದನ್ನೂ ಸಂಬಳ ಖಾತೆಗೇ ಡೆಬಿಟ್ ಮಾಡಿದ್ದಾರೆ. ಓಪನಿಂಗ್ ಬ್ಯಾಲೆನ್ಸ್‌ನಲ್ಲಿ ಬಾಕಿ ಸಂಬಳ ₹28,000 ಹಾಗೇ ಕೂತಿದೆ. ಕರೆಂಟ್ ಬಿಲ್ಲಿನದೂ ಅದೇ ಕಥೆ. ಬಾಕಿ ಕರೆಂಟ್ ₹5,900 ಓಪನಿಂಗ್‌ನಲ್ಲಿದೆ, ಏಪ್ರಿಲ್‌ನಲ್ಲಿ ಕಟ್ಟಿದ್ದು ಖರ್ಚಿಗೆ ಹೋಗಿದೆ. ಈಗ ನಾನು ಈ ಮಾರ್ಚ್‌ದನ್ನು ಸೇರಿಸಿದರೆ ಎರಡರಲ್ಲೂ ಹದಿಮೂರು ತಿಂಗಳಾಗುತ್ತದೆ, ಅಲ್ವಾ?

ವಾಣಿಜ್ಯ_ಮೇಷ್ಟ್ರು
ಹೌದು. ಎಷ್ಟೋ ಅಂಗಡಿಗಳ ಲೆಕ್ಕದಲ್ಲಿ ಇದೇ ಇರುತ್ತದೆ. ಮಾರ್ಚ್‌ನಲ್ಲಿ ಬಾಕಿ ಎಂಟ್ರಿ ಹಾಕುತ್ತಾರೆ, ಏಪ್ರಿಲ್‌ನಲ್ಲಿ ಹಣ ಕೊಡುವಾಗ ಆ ಬಾಕಿ ಖಾತೆಯನ್ನು ಮರೆಯುತ್ತಾರೆ. ಬಾಕಿ ಸಂಬಳ ವರ್ಷಗಟ್ಟಲೆ ಬ್ಯಾಲೆನ್ಸ್ ಶೀಟ್‌ನಲ್ಲಿ ಉಳಿಯುತ್ತದೆ, ಯಾರಿಗೂ ಕೊಡಬೇಕಾಗಿಲ್ಲದ ಸಾಲವಾಗಿ.

ಮೊದಲು ಹಳೆಯದನ್ನು ತೀರಿಸಿ.

ಬಾಕಿ ಸಂಬಳ ಖಾತೆ, ಡೆಬಿಟ್ 28,000
ಬಾಕಿ ಕರೆಂಟ್ ಖಾತೆ, ಡೆಬಿಟ್ 5,900
ಸಂಬಳ ಖಾತೆಗೆ, ಕ್ರೆಡಿಟ್ 28,000
ಕರೆಂಟ್ ಖರ್ಚು ಖಾತೆಗೆ, ಕ್ರೆಡಿಟ್ 5,900

ಆಮೇಲೆ ಈ ವರ್ಷದ್ದು: ಸಂಬಳ ₹31,000, ಕರೆಂಟ್ ₹6,350, ಬಾಡಿಗೆ ₹36,000 ಖರ್ಚಿಗೆ ಡೆಬಿಟ್, ಆಯಾ ಬಾಕಿ ಖಾತೆಗೆ ಕ್ರೆಡಿಟ್. ಈಗ ಎಣಿಸಿ, ಹನ್ನೆರಡೇ ಬರುತ್ತದೆ.

ಅಂಗಡಿ_ಅಣ್ಣ
ನಾನು ಹಾಸನದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದೇನೆ. ಒಂದು ಸಂದೇಹ. ಸಣ್ಣ ವ್ಯಾಪಾರಿಗಳು 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಅಡಿಯಲ್ಲಿ ವಹಿವಾಟಿನ ಶೇ. 8, ಇಲ್ಲಾ ಬ್ಯಾಂಕ್ ಮೂಲಕ ಬಂದ ಹಣಕ್ಕೆ ಶೇ. 6 ಲಾಭ ತೋರಿಸಿ ರಿಟರ್ನ್ ಹಾಕಬಹುದಲ್ಲ. ಆಗ ಇಷ್ಟೆಲ್ಲ ಎಂಟ್ರಿ ಯಾಕೆ?

ಆರ್ಟಿಕಲ್_ಹುಡುಗ
ಅಣ್ಣ, ಅದು ತೆರಿಗೆ ಕಟ್ಟಲು ಸರಳ ದಾರಿ. ಆದರೆ ಇಲ್ಲಿ ಬ್ಯಾಂಕಿನವರು ಸಿಸಿ ಲಿಮಿಟ್‌ಗೆ ಬ್ಯಾಲೆನ್ಸ್ ಶೀಟ್ ಕೇಳಿದ್ದಾರೆ. ಸ್ಟಾಕ್, ಗಿರಾಕಿಗಳ ಬಾಕಿ, ಸಪ್ಲೈಯರ್‌ಗಳಿಗೆ ಕೊಡಬೇಕಾದ್ದು, ಇವನ್ನು ನೋಡಿಯೇ ಅವರು ಲಿಮಿಟ್ ಲೆಕ್ಕ ಹಾಕುವುದು. ಇನ್ನೊಂದು ವಿಷಯ, ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಬ್ಯಾಂಕಿಗೆ ಕೊಡುತ್ತೀರಲ್ಲ, ಮಾರ್ಚ್‌ದರಲ್ಲಿ ಇರುವ ಸ್ಟಾಕಿಗೂ ಬ್ಯಾಲೆನ್ಸ್ ಶೀಟ್ ಸ್ಟಾಕಿಗೂ ವ್ಯತ್ಯಾಸ ಇದ್ದರೆ ಕಾರಣ ಕೇಳುತ್ತಾರೆ. ಹಾಗಾಗಿ ತುಮಕೂರಿನ ಅಕ್ಕ, ಸ್ಟಾಕ್ ಎಣಿಕೆ ಹಾಳೆ ಇಟ್ಟುಕೊಂಡಿದ್ದೀರಾ? ಅದರಲ್ಲಿ ಓಡದ ಮಾಲು, ದಾರಿಯಲ್ಲಿದ್ದ ಮಾಲು ಏನಾದರೂ ಇದೆಯಾ?

ತುಮಕೂರು_ಲೆಕ್ಕ
ಹಾಳೆ ಇದೆ. ಹಳೆ ಶೇಡಿನ ಪೇಂಟ್ ಡಬ್ಬಗಳಿವೆ, ಖರೀದಿ ಬೆಲೆ ₹38,000. ಈಗ ಮಾರಿದರೆ ₹14,000 ಬರಬಹುದು ಎನ್ನುತ್ತಾರೆ ಮಾಲೀಕರು.

ಇನ್ನೊಂದು. ಮಾರ್ಚ್ 29ರ ತಾರೀಖಿನ ಪೈಪ್ ಬಿಲ್ ₹52,000, ಮೇಲೆ ಜಿಎಸ್‌ಟಿ ₹9,360. ಬಿಲ್ ಮಾರ್ಚ್‌ನಲ್ಲೇ ಖರೀದಿಗೆ ಬರೆದಿದ್ದೇನೆ. ಲಾರಿ ಬಂದಿದ್ದು ಏಪ್ರಿಲ್ 2ಕ್ಕೆ. ಎಣಿಸಿದಾಗ ಮಾಲು ಅಂಗಡಿಯಲ್ಲಿ ಇರಲಿಲ್ಲ.

ಆರ್ಟಿಕಲ್_ಹುಡುಗ
ಎರಡೂ ಮುಖ್ಯ. ಸ್ಟಾಕನ್ನು ಖರೀದಿ ಬೆಲೆ ಅಥವಾ ಮಾರಿದರೆ ಕೈಗೆ ಬರುವ ಬೆಲೆ, ಇವೆರಡರಲ್ಲಿ ಕಡಿಮೆ ಯಾವುದೋ ಅದಕ್ಕೆ ತೋರಿಸಬೇಕು. ಲೆಕ್ಕದ ಮಾನದಂಡ ಎಎಸ್ 2 (ಅಕೌಂಟಿಂಗ್ ಸ್ಟ್ಯಾಂಡರ್ಡ್ 2) ಹೇಳುವುದೂ ಇದನ್ನೇ. ಇದನ್ನು ಮಾಲು ಮಾಲಿಗೆ ನೋಡಬೇಕು. ಬೇರೆ ಸಾಮಾನಿನಲ್ಲಿ ಲಾಭ ಇದೆ ಎಂದು ಪೇಂಟಿನ ನಷ್ಟವನ್ನು ಅದರೊಳಗೆ ಮುಚ್ಚುವ ಹಾಗಿಲ್ಲ. ಹಾಗಾಗಿ ₹24,000 ಕಡಿಮೆ ಮಾಡಿ.

ಪೈಪ್ ಬಿಲ್ಲಿನಲ್ಲಿ ಮಾಲು ಸಪ್ಲೈಯರ್ ಗೋಡೌನ್ ಬಿಟ್ಟ ಮೇಲೆ ನಿಮ್ಮದೇ ಎಂಬ ಷರತ್ತು ಇದ್ದರೆ, ಮಾರ್ಚ್ 31ಕ್ಕೆ ಅದು ನಿಮ್ಮ ಮಾಲು. ಖರೀದಿಯಲ್ಲಿ ಬಿಲ್ ಇದೆ, ಸ್ಟಾಕಿನಲ್ಲಿ ಮಾಲು ಇಲ್ಲ. ಹೀಗೇ ಬಿಟ್ಟರೆ ₹52,000 ಸುಮ್ನೆ ನಷ್ಟವಾಗಿ ಕಾಣುತ್ತದೆ. ದಾರಿಯಲ್ಲಿರುವ ಮಾಲು ಎಂದು ಸ್ಟಾಕಿಗೆ ಸೇರಿಸಿ. ನಿಮ್ಮ ಬಾಗಿಲಿಗೆ ಬಂದ ಮೇಲೇ ನಿಮ್ಮದು ಎಂಬ ಷರತ್ತು ಇದ್ದರೆ ಖರೀದಿಯನ್ನೇ ಏಪ್ರಿಲ್‌ಗೆ ತಳ್ಳಿ. ಎರಡರಲ್ಲಿ ಯಾವುದೇ ಆದರೂ ಲಾಭ ಒಂದೇ ಬರುತ್ತದೆ, ಬ್ಯಾಲೆನ್ಸ್ ಶೀಟ್ ಮಾತ್ರ ಬೇರೆ.

ಮೊದಲನೆಯದಾದರೆ ಲೆಕ್ಕ ಹೀಗೆ: 8,46,000ದಿಂದ 24,000 ಕಳೆದು, 52,000 ಕೂಡಿಸಿದರೆ ₹8,74,000.

ಇದಕ್ಕೆ ಟ್ಯಾಲಿಯಲ್ಲಿ ಜರ್ನಲ್ ಬೇಡ. ಸ್ಟಾಕ್ ಇಡದ ಲೆಕ್ಕದಲ್ಲಿ ಸ್ಟಾಕ್-ಇನ್-ಹ್ಯಾಂಡ್ ಗುಂಪಿನ ಲೆಡ್ಜರ್ ತೆರೆದು 31-3-2025ರ ಕ್ಲೋಸಿಂಗ್ ಬ್ಯಾಲೆನ್ಸ್ ಬದಲಿಸಿದರೆ ಸಾಕು.

ಹುಬ್ಬಳ್ಳಿ_ಜಿಎಸ್‌ಟಿ
ಪೈಪ್ ಬಿಲ್ ವಿಷಯದಲ್ಲಿ ಒಂದು ಎಚ್ಚರಿಕೆ. ಲಾಭದ ಲೆಕ್ಕಕ್ಕೆ ಮಾಲು ಮಾರ್ಚ್‌ನಲ್ಲೇ ನಿಮ್ಮದಾಗಬಹುದು. ಆದರೆ ಜಿಎಸ್‌ಟಿ ಇನ್‌ಪುಟ್ (ಖರೀದಿಗೆ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳುವುದು) ಸಿಗುವುದು ಮಾಲು ಕೈಗೆ ಬಂದ ಮೇಲೆ. ₹9,360 ಮಾರ್ಚ್ 2ಬಿಯಲ್ಲಿ (ಪೋರ್ಟಲ್ ತೋರಿಸುವ ಇನ್‌ಪುಟ್ ಪಟ್ಟಿ) ಕಾಣುತ್ತಿದ್ದರೂ ಮಾರ್ಚ್ 3ಬಿಯಲ್ಲಿ (ತೆರಿಗೆ ಕಟ್ಟುವ ರಿಟರ್ನ್) ಬಳಸಿಕೊಳ್ಳುವಂತಿಲ್ಲ. 4ಎ ಕಾಲಂನಲ್ಲಿ ತೋರಿಸಿ, 4ಬಿ(2)ರಲ್ಲಿ ತಾತ್ಕಾಲಿಕವಾಗಿ ವಾಪಸ್ ಮಾಡಿ, ಏಪ್ರಿಲ್‌ನಲ್ಲಿ ಮತ್ತೆ ಪಡೆಯಬೇಕು. ಟ್ಯಾಲಿಯಲ್ಲಿ ಮಾರ್ಚ್ 31ಕ್ಕೆ ಆ ₹9,360 ಬೇರೆ ಲೆಡ್ಜರ್‌ನಲ್ಲಿ ಇರಲಿ. ಇಲ್ಲದಿದ್ದರೆ ಪೋರ್ಟಲ್‌ನ ಕ್ರೆಡಿಟ್ ಲೆಡ್ಜರಿಗೂ ನಿಮ್ಮ ಪುಸ್ತಕಕ್ಕೂ ತಾಳೆ ಆಗುವುದಿಲ್ಲ.

ಹಳೆ ಪೇಂಟ್ ಕಡಿಮೆ ಬೆಲೆಗೆ ಮಾರಿದರೆ ಇನ್‌ಪುಟ್‌ಗೆ ತೊಂದರೆ ಇಲ್ಲ. ಒಣಗಿ ಹೋಗಿದೆ ಎಂದು ಎಸೆದರೆ, ಪುಸ್ತಕದಿಂದ ಪೂರ್ತಿ ತೆಗೆದರೆ, ಆ ಮಾಲಿನ ಇನ್‌ಪುಟ್ ವಾಪಸ್ ಮಾಡಬೇಕು.

ಮಾಲೀಕರು ಮನೆಗೆ ಒಯ್ದ ಪೇಂಟಿಗೂ ಇದೇ ನಿಯಮ. ಸ್ವಂತಕ್ಕೆ ಬಳಸಿದ ಮಾಲಿಗೆ ಇನ್‌ಪುಟ್ ಇಲ್ಲ. ಪೇಂಟಿಗೆ ಶೇ. 18, ಅಂದರೆ ₹1,440. ಹಾಗಾಗಿ ಎಂಟ್ರಿ (ಮಾಲೀಕರು ಸ್ವಂತಕ್ಕೆ ತೆಗೆದದ್ದು ಡ್ರಾಯಿಂಗ್ಸ್):

ಡ್ರಾಯಿಂಗ್ಸ್ ಖಾತೆ, ಡೆಬಿಟ್ 9,440
ಖರೀದಿ ಖಾತೆಗೆ, ಕ್ರೆಡಿಟ್ 8,000
ಸಿಜಿಎಸ್‌ಟಿ ಇನ್‌ಪುಟ್ ಖಾತೆಗೆ, ಕ್ರೆಡಿಟ್ 720
ಎಸ್‌ಜಿಎಸ್‌ಟಿ ಇನ್‌ಪುಟ್ ಖಾತೆಗೆ, ಕ್ರೆಡಿಟ್ 720

ಪಠ್ಯಪುಸ್ತಕದಲ್ಲಿ ₹8,000 ಮಾತ್ರ ಬರೆಯಲು ಹೇಳಿಕೊಡುತ್ತಾರೆ. ತೆರಿಗೆಯ ಸಾಲು ಅಂಗಡಿಯಲ್ಲೇ ಕಲಿಯಬೇಕು.

ಬಾಡಿಗೆ ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನಂಬರ್ ಇದೆಯಾ? ಇಲ್ಲದಿದ್ದರೆ 2024ರ ಅಕ್ಟೋಬರ್ 10ರಿಂದ ಅಂಗಡಿ ಬಾಡಿಗೆಯ ಮೇಲೆ ನೀವೇ ರಿವರ್ಸ್ ಚಾರ್ಜ್‌ನಲ್ಲಿ ಶೇ. 18 ಕಟ್ಟಬೇಕು. ₹18,000ಕ್ಕೆ ತಿಂಗಳಿಗೆ ₹3,240. ನಗದು ಲೆಡ್ಜರ್‌ನಿಂದಲೇ ಕಟ್ಟಿ ಆಮೇಲೆ ಇನ್‌ಪುಟ್ ತೆಗೆದುಕೊಳ್ಳಬಹುದು, ಹಾಗಾಗಿ ಖರ್ಚು ಹೆಚ್ಚುವುದಿಲ್ಲ. ಆದರೆ ಕಟ್ಟದೆ ಬಿಟ್ಟರೆ ಬಡ್ಡಿ ಬೀಳುತ್ತದೆ.

ತುಮಕೂರು_ಲೆಕ್ಕ
ಮೇಡಂ, ಅವರಿಗೆ ನಂಬರ್ ಇಲ್ಲ. ಆಡಿಟರ್ ಹೇಳಿದ್ದರಿಂದ ಅಕ್ಟೋಬರ್‌ನಿಂದ ಕಟ್ಟುತ್ತಿದ್ದೇವೆ. ಬಾಡಿಗೆಗೆ ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿಯಬೇಕಾ?

ಆರ್ಟಿಕಲ್_ಹುಡುಗ
ವರ್ಷದ ಬಾಡಿಗೆ ₹2,16,000. 2024-25ರಲ್ಲಿ ಮಿತಿ ವರ್ಷಕ್ಕೆ ₹2,40,000 ಇತ್ತು. ಅದರೊಳಗೇ ಇದೆ, ಬೇಡ. 2025ರ ಏಪ್ರಿಲ್‌ನಿಂದ ಮಿತಿ ತಿಂಗಳಿಗೆ ₹50,000 ಆಗಿದೆ.

ಪೈಪ್ ಬಿಲ್ಲಿನಲ್ಲಿ ಮೊದಲನೇ ಷರತ್ತೇ ಇದೆಯಾ ಎಂದು ಒಮ್ಮೆ ನೋಡಿಬಿಡಿ. ಮಾಲು ಮಾಡಿ ಮಾರುವ ಸಪ್ಲೈಯರ್‌ಗಳ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರಕಾರಿ ನೋಂದಣಿ) ಕೂಡ ಕೇಳಿ. ಅವರು ಮೈಕ್ರೋ ಇಲ್ಲಾ ಸ್ಮಾಲ್ ಆಗಿದ್ದು, ನೀವು ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡದೆ, ಮಾರ್ಚ್ 31ಕ್ಕೂ ಬಾಕಿ ಇಟ್ಟಿದ್ದರೆ, ಆ ಖರೀದಿ ಆ ವರ್ಷದ ತೆರಿಗೆ ಲೆಕ್ಕದಲ್ಲಿ ಖರ್ಚಾಗಿ ಸಿಗುವುದಿಲ್ಲ. ಬರೀ ಕೊಂಡು ಮಾರುವವರಾದರೆ ಈ ನಿಯಮ ಇಲ್ಲ. ಇದಕ್ಕೆ ಜರ್ನಲ್ ಎಂಟ್ರಿ ಇಲ್ಲ, ಆಡಿಟರ್‌ಗೆ ಪಟ್ಟಿ ಕೊಟ್ಟರೆ ಸಾಕು.

ತುಮಕೂರು_ಲೆಕ್ಕ
ಬಿಲ್ ನೋಡಿದೆ. ಗೋಡೌನ್ ಬಿಟ್ಟ ಮೇಲೆ ಹೊಣೆ ಕೊಂಡವರದ್ದು ಎಂದೇ ಇದೆ. ಲಾರಿ ಬಾಡಿಗೆಯೂ ನಾವೇ ಕೊಟ್ಟಿದ್ದು. ಸ್ಟಾಕ್ ₹8,74,000 ಮಾಡಿದೆ.

ಈಗ ಗಾಡಿ ಸಾಲ. ಓಪನಿಂಗ್ ₹5,40,000 ಇತ್ತು. ಹನ್ನೆರಡು ಕಂತು ₹1,82,400 ಡೆಬಿಟ್ ಆಗಿ ಪುಸ್ತಕದಲ್ಲಿ ₹3,57,600 ಉಳಿದಿದೆ. ಬ್ಯಾಂಕಿನವರು ಕೊಟ್ಟ ಪತ್ರದಲ್ಲಿ ವರ್ಷದ ಬಡ್ಡಿ ₹46,900 ಎಂದಿದೆ.

ವಾಣಿಜ್ಯ_ಮೇಷ್ಟ್ರು
ಬಡ್ಡಿಯನ್ನು ಖರ್ಚಿಗೆ ಡೆಬಿಟ್ ಮಾಡಿ, ಸಾಲದ ಖಾತೆಗೆ ಕ್ರೆಡಿಟ್ ಮಾಡಿ, ₹46,900. ಸಾಲ ₹4,04,500 ಆಗುತ್ತದೆ. ಬ್ಯಾಂಕಿನ ಸಾಲದ ಸ್ಟೇಟ್‌ಮೆಂಟ್‌ನಲ್ಲಿ ಮಾರ್ಚ್ 31ಕ್ಕೆ ಇದೇ ಅಂಕಿ ಇರಬೇಕು. ಇದೆಯಾ?

ತುಮಕೂರು_ಲೆಕ್ಕ
ಇದೆ ಸರ್, ರೂಪಾಯಿಗೆ ರೂಪಾಯಿ ಸರಿ.

ಆರ್ಟಿಕಲ್_ಹುಡುಗ
ಕಂತು ಯಾವ ತಾರೀಖಿಗೆ? 5ಕ್ಕೆ ಆಗಿದ್ದರೆ ಮಾರ್ಚ್ 6ರಿಂದ 31ರವರೆಗಿನ 26 ದಿನದ ಬಡ್ಡಿ ಬಾಕಿ ಇರುತ್ತದೆ. ಅದನ್ನೂ ತೋರಿಸಬೇಕಲ್ಲ?

ತುಮಕೂರು_ಲೆಕ್ಕ
5ನೇ ತಾರೀಖೇ. ಬಡ್ಡಿ ದರ ಶೇ. 9.9.

ವಾಣಿಜ್ಯ_ಮೇಷ್ಟ್ರು
ಪ್ರಶ್ನೆ ಒಳ್ಳೆಯದು. ಲೆಕ್ಕ ಹಾಕಿ ನೋಡೋಣ. ₹4,04,500ಕ್ಕೆ ಶೇ. 9.9ರಂತೆ 26 ದಿನಕ್ಕೆ ಸುಮಾರು ₹2,853. ಆದರೆ ಹೋದ ವರ್ಷದ ಕೊನೆಗೂ ಇದೇ ಥರ 26 ದಿನದ ಬಡ್ಡಿ ಇತ್ತು. ಆಗ ಸಾಲ ₹5,40,000, ಬಡ್ಡಿ ಸುಮಾರು ₹3,808. ಅದನ್ನು ಆಗ ಬರೆದಿಲ್ಲ, ಅದು ಈ ವರ್ಷದ ₹46,900ರ ಒಳಗೇ ಬಂದಿದೆ. ಅಂದರೆ ಈ ₹46,900 ಹೋದ ಮಾರ್ಚ್ 6ರಿಂದ ಈ ಮಾರ್ಚ್ 5ರವರೆಗಿನ ಬಡ್ಡಿ. ಪೂರ್ತಿ ಹನ್ನೆರಡು ತಿಂಗಳು.

ಈಗ ₹2,853 ಮಾತ್ರ ಸೇರಿಸಿದರೆ ಬಡ್ಡಿ ಹನ್ನೆರಡು ತಿಂಗಳು ಮೀರುತ್ತದೆ. ಎರಡು ತುದಿಯನ್ನೂ ಸರಿಪಡಿಸಿದರೆ ವ್ಯತ್ಯಾಸ ₹955. ಕಂಪನಿಯ ಲೆಕ್ಕವಾಗಿದ್ದರೆ ಎರಡನ್ನೂ ಹಾಕಿ ಎನ್ನುತ್ತಿದ್ದೆ. ಈ ಅಂಗಡಿಗೆ ಬೇಡ. ವರ್ಷ ವರ್ಷ ಒಂದೇ ರೀತಿ ಬರೆದುಕೊಂಡು ಹೋಗಲಿ. ಸಂಬಳದ ₹28,000 ಬಿಡುವಂತಿರಲಿಲ್ಲ, ಅಲ್ಲಿ ಒಂದಿಡೀ ತಿಂಗಳು ಹೆಚ್ಚಾಗುತ್ತಿತ್ತು. ಇಲ್ಲಿ ಹಾಗಿಲ್ಲ.

ಆರ್ಟಿಕಲ್_ಹುಡುಗ
ಒಪ್ಪಿದೆ ಸರ್.

ಪಿಯುಸಿ_ಕಾಮರ್ಸ್
ನಾನು ಎರಡನೇ ಪಿಯು. ನಡುವೆ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಬ್ಯಾಡ್ ಡೆಟ್ (ಇನ್ನು ಬಾರದ ಬಾಕಿ) ಕೆಲವು ಲೆಕ್ಕದಲ್ಲಿ ತಾಳೆಪಟ್ಟಿ (ಟ್ರಯಲ್ ಬ್ಯಾಲೆನ್ಸ್) ಒಳಗೆ ಇರುತ್ತದೆ, ಕೆಲವದರಲ್ಲಿ ಕೆಳಗೆ ಹೊಂದಾಣಿಕೆಯಲ್ಲಿ ಕೊಡುತ್ತಾರೆ. ಯಾವಾಗ ಡೆಟರ್ಸ್‌ನಿಂದ (ಗಿರಾಕಿಗಳ ಬಾಕಿಯಿಂದ) ಕಳೆಯಬೇಕು, ಯಾವಾಗ ಬೇಡ? ಕ್ಲೋಸಿಂಗ್ ಸ್ಟಾಕ್ ಕೂಡ ಒಮ್ಮೊಮ್ಮೆ ತಾಳೆಪಟ್ಟಿ ಒಳಗೇ ಇರುತ್ತದೆ.

ವಾಣಿಜ್ಯ_ಮೇಷ್ಟ್ರು
ಕೇಳಪ್ಪ, ಬೇಜಾರು ಯಾಕೆ? ತಾಳೆಪಟ್ಟಿಯಲ್ಲಿ ಒಂದು ಅಂಕಿ ಇದೆ ಎಂದರೆ ಅದರ ಎರಡೂ ಕೈ (ಡೆಬಿಟ್, ಕ್ರೆಡಿಟ್) ಆಗಲೇ ಪುಸ್ತಕದಲ್ಲಿ ಆಗಿವೆ. ಅಲ್ಲಿ ಬ್ಯಾಡ್ ಡೆಟ್ ₹3,000 ಇದ್ದರೆ, ಡೆಟರ್ಸ್‌ನಿಂದ ₹3,000 ಆಗಲೇ ಕಳೆದಾಗಿದೆ. ನೀನು ಅದನ್ನು ಲಾಭ-ನಷ್ಟ ಖಾತೆಗೆ ಮಾತ್ರ ಒಯ್ಯಬೇಕು. ಕೆಳಗೆ ಹೊಂದಾಣಿಕೆಯಲ್ಲಿ ಕೊಟ್ಟಿದ್ದು ಪುಸ್ತಕಕ್ಕೆ ಇನ್ನೂ ಬಂದೇ ಇಲ್ಲ. ಅದರ ಎರಡೂ ಕೈಯನ್ನು ನೀನೇ ಮಾಡಬೇಕು, ಆದ್ದರಿಂದ ಎರಡು ಕಡೆ ಬರೆಯುತ್ತೀ.

ಕ್ಲೋಸಿಂಗ್ ಸ್ಟಾಕ್ ತಾಳೆಪಟ್ಟಿಯಲ್ಲಿ ಇದ್ದರೆ, ಅದನ್ನು ಖರೀದಿಯಿಂದ ಆಗಲೇ ಕಳೆದು ತೋರಿಸಿದ್ದಾರೆ ಎಂದು ಅರ್ಥ. ಬ್ಯಾಲೆನ್ಸ್ ಶೀಟ್‌ಗೆ ಮಾತ್ರ ಹಾಕು. ವ್ಯಾಪಾರ ಖಾತೆಗೂ ಹಾಕಿದರೆ ಲಾಭ ಎರಡು ಸಲ ಹೆಚ್ಚುತ್ತದೆ.

ಈಗ ಅಕ್ಕನ ಲೆಕ್ಕವನ್ನೇ ತಗೋ. ಡೆಟರ್ಸ್ ₹3,12,000. ಊರು ಬಿಟ್ಟವರ ₹12,000 ಮೊದಲು ತೆಗೆ, ₹3,00,000. ಅದರ ಶೇ. 5 ಅಂದರೆ ₹15,000 ಹೊಸ ಪ್ರಾವಿಷನ್. ಹಳೆಯದು ₹9,000 ಕೈಯಲ್ಲಿದೆ. ಲಾಭ-ನಷ್ಟಕ್ಕೆ ಹೋಗುವುದು 12,000 ಕೂಡಿಸು 15,000 ಕಳೆ 9,000, ಅಂದರೆ ₹18,000. ಬ್ಯಾಡ್ ಡೆಟ್ ತೆಗೆಯದೆ ₹3,12,000ಕ್ಕೇ ಶೇ. 5 ಹಾಕಬೇಡ. ಹೋದ ಹಣದ ಮೇಲೆ ಮತ್ತೆ ಸಂದೇಹ ಪಡುವುದರಲ್ಲಿ ಅರ್ಥ ಇಲ್ಲ.

ಹುಬ್ಬಳ್ಳಿ_ಜಿಎಸ್‌ಟಿ
ಅಂಗಡಿ ಲೆಕ್ಕಕ್ಕೆ ಎರಡು ಮಾತು. ಆ ₹12,000ದಲ್ಲಿ ಜಿಎಸ್‌ಟಿಯೂ ಸೇರಿದೆ. ಗಿರಾಕಿ ಹಣ ಕೊಡದಿದ್ದರೂ ಸರಕಾರಕ್ಕೆ ಕಟ್ಟಿದ ಜಿಎಸ್‌ಟಿ ವಾಪಸ್ ಬರುವುದಿಲ್ಲ. ಪೂರ್ತಿ ₹12,000 ನಷ್ಟವೇ. ಆದಾಯ ತೆರಿಗೆಯಲ್ಲಿ ಪುಸ್ತಕದಲ್ಲಿ ರೈಟ್ ಆಫ್ ಮಾಡಿದ ಬ್ಯಾಡ್ ಡೆಟ್ ಖರ್ಚಾಗಿ ಸಿಗುತ್ತದೆ, ಪ್ರಾವಿಷನ್ ಸಿಗುವುದಿಲ್ಲ. ಅದಕ್ಕೇ ಎರಡನ್ನೂ ಬೇರೆ ಬೇರೆ ಲೆಡ್ಜರ್‌ನಲ್ಲಿ ಇಡಿ. ಒಂದೇ ಖಾತೆಗೆ ತುಂಬಿದರೆ ಆಡಿಟರ್ ನಿಮ್ಮನ್ನೇ ಫೋನ್ ಮಾಡಿ ಕೇಳುತ್ತಾರೆ.

ತುಮಕೂರು_ಲೆಕ್ಕ
ಬೇರೆ ಮಾಡಿದೆ. ಸವಕಳಿಗೆ ಇವು ಇವೆ. ಗೂಡ್ಸ್ ಗಾಡಿ, ಹಿಂದಿನ ಸವಕಳಿ ಕಳೆದು ಉಳಿದ ಓಪನಿಂಗ್ ಬೆಲೆ ₹6,20,000. ರ‍್ಯಾಕ್, ಕೌಂಟರ್ ₹1,40,000. ಕಂಪ್ಯೂಟರ್ ಮತ್ತು ಪ್ರಿಂಟರ್ 2024ರ ನವೆಂಬರ್ 14ಕ್ಕೆ ತಂದು ಅವತ್ತೇ ಬಳಸಲು ಶುರು ಮಾಡಿದ್ದು, ಜಿಎಸ್‌ಟಿ ಬಿಟ್ಟು ₹45,000. ಆದಾಯ ತೆರಿಗೆ ದರವನ್ನೇ ಪುಸ್ತಕದಲ್ಲೂ ಹಾಕುತ್ತಾ ಬಂದಿದ್ದಾರೆ.

ಆರ್ಟಿಕಲ್_ಹುಡುಗ
ಗಾಡಿ ನಿಮ್ಮ ಅಂಗಡಿ ಮಾಲು ಸಾಗಿಸಲು ಮಾತ್ರ ಆದರೆ ಶೇ. 15, ₹93,000. ಬಾಡಿಗೆಗೆ ಓಡಿಸುವ ಗಾಡಿಯಾದರೆ ಶೇ. 30 ಇದೆ, ನಿಮ್ಮದು ಹಾಗಲ್ಲ. ಫರ್ನಿಚರ್ ಶೇ. 10, ₹14,000. ಕಂಪ್ಯೂಟರ್‌ಗೆ ಶೇ. 40 ಇದೆ, ಆದರೆ ನವೆಂಬರ್ 14ರಿಂದ ಮಾರ್ಚ್ 31ಕ್ಕೆ 138 ದಿನ. 180 ದಿನಕ್ಕಿಂತ ಕಡಿಮೆ ಬಳಸಿದರೆ ಮೊದಲ ವರ್ಷ ಅರ್ಧ ದರ, ಶೇ. 20, ₹9,000. ಒಟ್ಟು ₹1,16,000.

ಕಂಪ್ಯೂಟರಿನ ಜಿಎಸ್‌ಟಿ ಇನ್‌ಪುಟ್ ತೆಗೆದುಕೊಂಡಿದ್ದರೆ ₹45,000ಕ್ಕೇ ಸವಕಳಿ. ತೆರಿಗೆ ಸೇರಿಸಿದ ಬೆಲೆಗೆ ಸವಕಳಿ ಹಾಕಿ ಇನ್‌ಪುಟ್ ಕೂಡ ತೆಗೆದುಕೊಳ್ಳುವ ಹಾಗಿಲ್ಲ.

ಅಂಗಡಿ_ಅಣ್ಣ
ಸಸ್ಪೆನ್ಸ್‌ನ ₹23,500 ಬಗ್ಗೆ ಯಾರೂ ಮಾತಾಡಿಲ್ಲ. ನನ್ನ ಅಂಗಡಿಯಲ್ಲೂ ಇದು ದೊಡ್ಡ ತಲೆನೋವು. ಗಿರಾಕಿ ಒಬ್ಬರು, ಹಣ ಹಾಕುವ ಫೋನ್ ಇನ್ನೊಬ್ಬರದ್ದು. ಮಗನ ಫೋನಿಂದಲೋ, ಮೇಸ್ತ್ರಿ ಫೋನಿಂದಲೋ ಬರುತ್ತದೆ. ನಾನು ಮಾಡುವುದು ಹೀಗೆ: ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಯುಪಿಐ ನಂಬರ್ ಮತ್ತು ಕಳಿಸಿದವರ ಹೆಸರು ಇರುತ್ತದೆ. ಅದೇ ಮೊತ್ತದ ಬಿಲ್ ಆಚೀಚೆ ಒಂದು ವಾರದಲ್ಲಿ ಇದೆಯಾ ನೋಡುತ್ತೇನೆ. ರೌಂಡ್ ಮೊತ್ತ ಬಂದಿದ್ದರೆ ಹಳೆ ಬಾಕಿ ಇರುವವರಿಗೆ ಅವರ ಲೆಡ್ಜರ್ ಪ್ರಿಂಟ್ ವಾಟ್ಸಾಪ್ ಮಾಡಿ ಕೇಳುತ್ತೇನೆ. ಬಾಕಿ ಜಾಸ್ತಿ ತೋರಿಸಿದರೆ, ನಾನು ಕೊಟ್ಟಿದ್ದೆನಲ್ಲ ಎಂದು ಅವರೇ ತಕ್ಷಣ ಹೇಳುತ್ತಾರೆ.

ಹಾಗೇ, ಅಂಗಡಿ ಖಾತೆಯಿಂದ ಎಲ್‌ಐಸಿ, ಮಕ್ಕಳ ಫೀಸು ಏನಾದರೂ ಹೋಗಿದೆಯಾ ನೋಡಮ್ಮ. ಅವೂ ಡ್ರಾಯಿಂಗ್ಸ್‌ಗೇ ಹೋಗಬೇಕು.

ತುಮಕೂರು_ಲೆಕ್ಕ
ಅಣ್ಣ, ನೀವು ಹೇಳಿದ ಹಾಗೆ ಲೆಡ್ಜರ್ ಕಳಿಸಿದೆ. ₹17,000 ಸಿಕ್ಕಿತು! ಒಂದು ₹10,000, ಒಂದು ₹7,000. ಎರಡೂ ಹಳೆ ಬಾಕಿದಾರರು ಕೊಟ್ಟಿದ್ದು, ಮಾರ್ಚ್ ಒಳಗೇ ಬಂದ ಹಣ. ಉಳಿದ ₹6,500 ಯಾರದ್ದೆಂದು ಗೊತ್ತಿಲ್ಲ. ಮಾಲೀಕರು ಅದನ್ನು ಇತರ ಆದಾಯಕ್ಕೆ ಹಾಕು ಎನ್ನುತ್ತಿದ್ದಾರೆ. ಎಲ್‌ಐಸಿ, ಫೀಸು ಮೊದಲೇ ಡ್ರಾಯಿಂಗ್ಸ್‌ನಲ್ಲಿವೆ.

ಇಲ್ಲಿಯವರೆಗಿನ ಲೆಕ್ಕ ಹೀಗಿದೆ. 7,18,000ಕ್ಕೆ ಕೂಡಿದ್ದು: ಸ್ಟಾಕ್ 28,000, ವಿಮೆ 14,000, ಪೇಂಟ್ 8,000, ಹಳೆ ಬಾಕಿ ಸಂಬಳ 28,000, ಹಳೆ ಕರೆಂಟ್ 5,900. ಕಳೆದದ್ದು: ಬಾಡಿಗೆ 36,000, ಸಂಬಳ 31,000, ಕರೆಂಟ್ 6,350, ಬಡ್ಡಿ 46,900, ಬ್ಯಾಡ್ ಡೆಟ್ ಮತ್ತು ಪ್ರಾವಿಷನ್ 18,000, ಸವಕಳಿ 1,16,000. ಲಾಭ ₹5,47,650 ಬಂತು.

ವಾಣಿಜ್ಯ_ಮೇಷ್ಟ್ರು
₹17,000 ಸಿಕ್ಕಿದ್ದು ಬಹಳ ಸಂತೋಷ. ಸಸ್ಪೆನ್ಸ್ ಡೆಬಿಟ್, ಆ ಇಬ್ಬರು ಗಿರಾಕಿಗಳ ಖಾತೆಗೆ ಕ್ರೆಡಿಟ್. ಆದರೆ ಇದು ಅಲ್ಲಿಗೇ ನಿಲ್ಲುವುದಿಲ್ಲ ನೋಡಿ. ಡೆಟರ್ಸ್ ಈಗ ₹2,95,000. ಬ್ಯಾಡ್ ಡೆಟ್ ₹12,000 ಕಳೆದರೆ ₹2,83,000. ಶೇ. 5 ಅಂದರೆ ₹14,150, ಮೊದಲು ಇಟ್ಟ ₹15,000 ಅಲ್ಲ. ಪ್ರಾವಿಷನ್ ₹850 ಕಡಿಮೆ ಮಾಡಿ. ಲಾಭ ₹5,48,500 ಆಗುತ್ತದೆ. ಇದಕ್ಕೇ ಸಸ್ಪೆನ್ಸ್ ಮೊದಲು ಬಿಡಿಸಿ, ಪ್ರಾವಿಷನ್ ಕೊನೆಗೆ ಹಾಕಿ ಎನ್ನುವುದು.

₹6,500 ಆದಾಯ ಅಲ್ಲ. ಯಾರೋ ಬಿಲ್ಲಿಗೆ ಕೊಟ್ಟ ಹಣ ಅದು. ಆ ಬಿಲ್ಲಿನ ಮಾರಾಟ ಆಗಲೇ ಲಾಭದಲ್ಲಿದೆ. ಈಗ ಆದಾಯಕ್ಕೂ ಹಾಕಿದರೆ ಒಂದೇ ಮಾರಾಟ ಎರಡು ಸಲ ಲಾಭಕ್ಕೆ ಬರುತ್ತದೆ, ಆ ಗಿರಾಕಿಯ ಹೆಸರಲ್ಲಿ ಬಾಕಿಯೂ ಉಳಿಯುತ್ತದೆ. ನಾಳೆ ಅವರನ್ನು ಹೋಗಿ ಕೇಳಿದರೆ ಅಂಗಡಿಯ ಮಾತಿಗೆ ಬೆಲೆ ಇರುವುದಿಲ್ಲ. ಗುರುತು ಸಿಗದ ಜಮೆ ಎಂದು ಹೊಣೆಗಾರಿಕೆ ಕಡೆಯೇ ತೋರಿಸಿ. ಮಾಲೀಕರಿಗೆ ಹೀಗೇ ವಿವರಿಸಿ, ಒಪ್ಪುತ್ತಾರೆ.

ಆರ್ಟಿಕಲ್_ಹುಡುಗ
ಈ ಎಂಟ್ರಿಗಳಿಗೆಲ್ಲ 31-3-2025 ತಾರೀಖು, ಟ್ಯಾಲಿಯಲ್ಲಿ ಎಫ್7 ಕೀ ಒತ್ತಿದರೆ ಬರುವ ಜರ್ನಲ್ ವೋಚರ್. ಪ್ರತಿಯೊಂದರ ಕೆಳಗೆ ನರೇಶನ್ ಬರೆಯಿರಿ: ಯಾವ ತಿಂಗಳು, ಯಾವ ಬಿಲ್, ಲೆಕ್ಕ ಹೇಗೆ ಬಂತು. ಅಡ್ಜಸ್ಟ್‌ಮೆಂಟ್ ಎಂಟ್ರಿ ಎಂದು ಮಾತ್ರ ಬರೆದರೆ ಮುಂದಿನ ವರ್ಷ ನಿಮಗೇ ಗೊತ್ತಾಗುವುದಿಲ್ಲ. ಮುಗಿಸುವ ಮುಂಚೆ ಕ್ಯಾಶ್ ಪುಸ್ತಕದ ಬಾಕಿ ಎಲ್ಲಾದರೂ ಮೈನಸ್ ಆಗಿದೆಯಾ ನೋಡಿ. ಆಡಿಟರ್ ಮೊದಲು ನೋಡುವುದು ಅದನ್ನೇ.

ತುಮಕೂರು_ಲೆಕ್ಕ
ಕ್ಯಾಶ್ ಎಲ್ಲೂ ಮೈನಸ್ ಇಲ್ಲ. ಮಾಲೀಕರೂ ₹6,500ಕ್ಕೆ ಒಪ್ಪಿದರು. ಒಂದೇ ಒಂದು ಉಳಿದಿದೆ. ಏಪ್ರಿಲ್ ಎಂಟ್ರಿಗಳಲ್ಲಿ ಸಂಬಳ ₹31,000 ಮತ್ತೆ ಖರ್ಚಿಗೇ ಹೋಗಿದೆ. ಬೆಸ್ಕಾಂ ಬಿಲ್ ಕೂಡ. ಅದಕ್ಕೆ ಏನು ಮಾಡಲಿ?

ವಾಣಿಜ್ಯ_ಮೇಷ್ಟ್ರು
ಎರಡು ದಾರಿ ಇವೆ. ಏಪ್ರಿಲ್‌ನ ಆ ಪಾವತಿ ವೋಚರ್ ತೆರೆದು, ಸಂಬಳ ಖಾತೆಯ ಬದಲು ಬಾಕಿ ಸಂಬಳ ಖಾತೆ ಮಾಡಿ. ಅಥವಾ 2025ರ ಏಪ್ರಿಲ್ 1ಕ್ಕೆ ಬಾಕಿ ಖಾತೆ ಡೆಬಿಟ್, ಖರ್ಚಿನ ಖಾತೆ ಕ್ರೆಡಿಟ್ ಎಂದು ತಿರುಗುಮುರುಗು ಎಂಟ್ರಿ ಹಾಕಿ, ಪಾವತಿಯನ್ನು ಹಾಗೇ ಬಿಡಿ. ನನಗೆ ಎರಡನೆಯದು ಇಷ್ಟ. ಬಾಡಿಗೆ, ಕರೆಂಟ್, ಸಂಬಳ, ಮುಂಗಡ ವಿಮೆ, ನಾಲ್ಕನ್ನೂ ಒಂದೇ ಸಲ ಕೂತು ಮುಗಿಸಬಹುದು. ವಿಮೆಗೆ ಮಾತ್ರ ಉಲ್ಟಾ: ವಿಮಾ ಖರ್ಚು ಡೆಬಿಟ್ 14,000, ಮುಂಗಡ ವಿಮೆಗೆ ಕ್ರೆಡಿಟ್. ಆದರೆ ಎರಡು ದಾರಿಯನ್ನೂ ಸೇರಿಸಬೇಡಿ. ವೋಚರ್ ಬದಲಿಸಿದ್ದಕ್ಕೇ ಏಪ್ರಿಲ್ 1ರ ಎಂಟ್ರಿಯನ್ನೂ ಹಾಕಿದರೆ ಆ ಖರ್ಚು ಹನ್ನೊಂದು ತಿಂಗಳಿಗೆ ಇಳಿಯುತ್ತದೆ.

ಸವಕಳಿ, ಬ್ಯಾಡ್ ಡೆಟ್, ಪ್ರಾವಿಷನ್, ಸಾಲದ ಬಡ್ಡಿ, ಡ್ರಾಯಿಂಗ್ಸ್, ಇವನ್ನು ತಿರುಗಿಸಬೇಡಿ. ಅವು ಅಲ್ಲಿಗೇ ಮುಗಿದವು. ಗಾಡಿ ಕಂತಿಗೆ ಮಾತ್ರ ಈ ಏಪ್ರಿಲ್‌ನಿಂದ ತಿಂಗಳು ತಿಂಗಳು ಬಡ್ಡಿ ಬೇರೆ, ಅಸಲು ಬೇರೆ ಬರೆಯಿರಿ. ಬ್ಯಾಂಕಿನಲ್ಲಿ ಕಂತಿನ ಪಟ್ಟಿ ಕೇಳಿದರೆ ಕೊಡುತ್ತಾರೆ.

ತುಮಕೂರು_ಲೆಕ್ಕ
ಏಪ್ರಿಲ್ 1ರ ನಾಲ್ಕು ಎಂಟ್ರಿ ಹಾಕಿದೆ ಸರ್. ಬಾಕಿ ಖಾತೆಗಳೆಲ್ಲ ಸೊನ್ನೆ. ಕಂತಿನ ಪಟ್ಟಿಗೆ ಇವತ್ತೇ ಬ್ಯಾಂಕಿಗೆ ಬರೆದಿದ್ದೇನೆ.